ಗಂಡಸರಿಗೂ ತಗಲುವ ಎಚ್.ಪಿ.ವಿ. ಸೋಂಕು



ದಿಗ್ಗೇವಾಡಿಯ ಸಭೆಯೊಂದರಲ್ಲಿ ನಾವು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಗ್ಗೆ ಮಾತಾಡುತ್ತಿದ್ದೆವು. ಒಬ್ಬ ತಾಯಿ ಎದ್ದು, "ಸಿಸ್ಟರ್, ಈ ವೈರಸ್ ನಮಗಷ್ಟ ಬರ್ತದೋ, ಗಂಡಸರಿಗೂ ಬರ್ತದೋ?" ಎಂದು ಕೇಳಿದರು. ಇನ್ನೊಬ್ಬರು, "ಎಚ್.ಐ.ವಿ. ಅಂದ್ರ ಇದ ಏನ್ರಿ?" ಅಂದರು. ಎರಡಕ್ಕೂ ಇಲ್ಲಿ ಉತ್ತರ ಕೊಡುತ್ತಿದ್ದೇವೆ.

ಎಚ್.ಪಿ.ವಿ. ಎಂದರೇನು?
ಎಚ್.ಐ.ವಿ. ಬೇರೆ, ಎಚ್.ಪಿ.ವಿ. ಬೇರೆ. ಇದರ ಪೂರ್ಣ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಗುಪ್ತಾಂಗಕ್ಕೆ ತಗಲುವ ಬಗೆಗಳು ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಹರಡುತ್ತವೆ. ಒಂದೇ ತಾಟಿನಲ್ಲಿ ಉಂಡರೆ ಬರುವುದಿಲ್ಲ. ಜಗತ್ತಿನಲ್ಲಿ 15 ವರ್ಷ ದಾಟಿದ ಸುಮಾರು ಮೂವರು ಗಂಡಸರಲ್ಲಿ ಒಬ್ಬರಿಗೆ ಈ ಸೋಂಕಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ.

ಗಂಡಸರಲ್ಲಿ ಏನಾಗುತ್ತದೆ?
ಬಹಳ ಮಂದಿಗೆ ನೋವಿಲ್ಲ, ಜ್ವರವಿಲ್ಲ, ಗೊತ್ತೇ ಆಗುವುದಿಲ್ಲ. ಹೆಚ್ಚಾಗಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ. 6 ಮತ್ತು 11ನೇ ಬಗೆಗಳಿಂದ ಗುಪ್ತಾಂಗದ ಮೇಲೆ ನರೂಲಿ ಏಳಬಹುದು. 16ನೇ ಬಗೆಯಂಥವು ವರ್ಷಗಟ್ಟಲೆ ಉಳಿದರೆ ಶಿಶ್ನ, ಗುದದ್ವಾರ, ಗಂಟಲಿನ ಹಿಂಭಾಗದಲ್ಲಿ ಕ್ಯಾನ್ಸರ್ ಆಗಬಹುದು. ಇದು ಎಲ್ಲರಿಗೂ ಆಗುವುದಲ್ಲ.

ಯಾರ ತಪ್ಪು?
ಹೆಂಡತಿಯ ಪರೀಕ್ಷೆಯಲ್ಲಿ ಎಚ್.ಪಿ.ವಿ. ಕಂಡರೆ ಮನೆಯಲ್ಲಿ ಮೊದಲ ಬೆರಳು ಅವಳ ಕಡೆಗೇ ತಿರುಗುತ್ತದೆ. ಇದು ಅನ್ಯಾಯ. ಈ ವೈರಸ್ ವರ್ಷಗಟ್ಟಲೆ ಸುಮ್ಮನೆ ಅಡಗಿರುತ್ತದೆ. ಯಾರಿಂದ ಯಾರಿಗೆ, ಯಾವಾಗ ಬಂತು ಎಂದು ಯಾವ ಡಾಕ್ಟರೂ ಹೇಳಲಾರರು. ಗಂಡಸರಿಗೆ ವಾಡಿಕೆಯ ತಪಾಸಣೆಯೂ ಇಲ್ಲ. ಆದ್ದರಿಂದ ವರದಿ ಹಿಡಿದು ಜಗಳ ಮಾಡಬೇಡಿ, ತವರಿಗೆ ಕಳಿಸಬೇಡಿ. ಚಿಕಿತ್ಸೆ ಮಾಡಿಸಿ.

ತಡೆಯುವುದು ಹೇಗೆ?
1. ಲಸಿಕೆ: ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿತು. ಇದನ್ನು 9ರಿಂದ 26 ವರ್ಷದ ಹುಡುಗಿಯರಿಗೂ ಹುಡುಗರಿಗೂ ಕೊಡಬಹುದು. 14 ವರ್ಷದೊಳಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲಾದರೆ ಮೂರು. ಮದುವೆಗೆ ಮುಂಚೆಯೇ ಕೊಡಿಸುವುದು ಉತ್ತಮ. ಬಂದ ಸೋಂಕನ್ನು ಲಸಿಕೆ ವಾಸಿ ಮಾಡದು. ಆಸ್ಟ್ರೇಲಿಯಾದಲ್ಲಿ 2013ರಿಂದ ಗಂಡುಮಕ್ಕಳಿಗೂ ಕೊಡುತ್ತಿದ್ದಾರೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಮಗಳಿಗೆ ಕೊಡಿಸಿ.
2. ಗಂಡ-ಹೆಂಡತಿ ಒಬ್ಬರಿಗೊಬ್ಬರು ನಿಷ್ಠರಾಗಿರುವುದು. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತದೆ, ಆದರೆ ಮುಚ್ಚದ ಭಾಗದಿಂದ ಹರಡಬಹುದು.
3. ಬೀಡಿ, ಸಿಗರೇಟ್ ಬಿಡುವುದು. ನಮ್ಮ ನಿಪ್ಪಾಣಿ ಭಾಗ ತಂಬಾಕಿಗೆ ಹೆಸರಾದದ್ದು. ಸೇದುವವರಿಗೆ ಶಿಶ್ನದ ಕ್ಯಾನ್ಸರ್ ಅಪಾಯ ಹೆಚ್ಚು.
4. ದಿನಾ ಸ್ನಾನದಲ್ಲಿ ಮುಂದೊಗಲು ಸರಿಸಿ ತೊಳೆಯುವುದು. ದೊಡ್ಡವರಲ್ಲಿ ತೊಗಲು ಹಿಂದೆ ಸರಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು.
5. ನರೂಲಿ, ಗಂಟು, ಮಾಯದ ಹುಣ್ಣು, ರಕ್ತ ಕಂಡರೆ ನಾಚಿಕೆ ಬಿಟ್ಟು ಸರ್ಕಾರಿ ದವಾಖಾನೆಗೆ ಹೋಗಬೇಕು. ಸುಣ್ಣ-ಸೋಡಾ ಹಚ್ಚುವುದು, ಬ್ಲೇಡಿನಿಂದ ಕೊಯ್ಯುವುದು ಬೇಡವೇ ಬೇಡ.

30 ದಾಟಿದ ನಾವು ಹೆಂಗಸರು ಗರ್ಭಕೋಶದ ಬಾಯಿಯ ತಪಾಸಣೆ ಮಾಡಿಸಿಕೊಳ್ಳೋಣ. ಎಲ್ಲಿ, ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ: ಈ ಹಾಳೆಯನ್ನು ಮನೆಯಲ್ಲಿ ಗಂಡನಿಗೆ, ಬೆಳೆದ ಮಗನಿಗೆ ಓದಿ ಹೇಳಿದಿರಾ? ಅವರು ಏನಂದರು?