ಗೇಟು ದಾಟಿದ ಧೂಳು

ಕಟ್ಟಡದ ಗುತ್ತಿಗೆ ಹಿಡಿದವರ ಮುಂದೆ ವಾಯುಮಾಲಿನ್ಯದ ಕಾನೂನಿನ ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ ಇದು: "ಪರ್ಮಿಷನ್ ಓನರ್ ಹೆಸರಲ್ಲಿದೆಯಲ್ಲ ಸಾರ್, ನಮಗೇನು ಸಂಬಂಧ?" ಸಂಬಂಧ ಇದೆ. ಕಾಗದಪತ್ರದ ಭಾಗವನ್ನು ಬೇಗ ಮುಗಿಸೋಣ, ಧೂಳಿನ ಬಗ್ಗೆ ಹೇಳುವುದು ಬಹಳ ಇದೆ.

1981ರ ವಾಯು ಕಾಯ್ದೆಯ 21ನೇ ಕಲಂ ಪ್ರಕಾರ, ಮಾಲಿನ್ಯ ಉಂಟುಮಾಡುವ ಘಟಕವನ್ನು ಹೂಡುವುದಕ್ಕೂ ನಡೆಸುವುದಕ್ಕೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಹೂಡುವ ಮುನ್ನ ಪಡೆಯುವುದು ಸಿಎಫ್‌ಇ, ನಡೆಸುವ ಮುನ್ನ ಪಡೆಯುವುದು ಸಿಎಫ್‌ಒ. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಪರಿಸರ ಪರಿಣಾಮ ಅಂದಾಜು (ಇಐಎ) ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕಾಗುತ್ತದೆ. ಇವೆಲ್ಲ ಸಾಮಾನ್ಯವಾಗಿ ಮಾಲೀಕರ ಹೆಸರಿನಲ್ಲಿರುತ್ತವೆ, ನಿಜ. ಆದರೆ ಗುತ್ತಿಗೆದಾರರು ತಮ್ಮದೇ ರೆಡಿಮಿಕ್ಸ್ ಕಾಂಕ್ರೀಟ್ (ಆರ್‌ಎಂಸಿ) ಪ್ಲಾಂಟ್ ಅಥವಾ ಡಾಂಬರಿನ ಹಾಟ್‌ಮಿಕ್ಸ್ ಪ್ಲಾಂಟ್ ಹೂಡಿದರೆ ಅದರ ಸಮ್ಮತಿ ಅವರ ಹೊಣೆ. ಜನರೇಟರಿಗೂ ಲೆಕ್ಕವಿದೆ: ಅದರ ಹೊಗೆಕೊಳವೆ ಕಟ್ಟಡದ ನೆತ್ತಿಯಿಂದ ಎಷ್ಟು ಮೀಟರ್ ಮೇಲೇಳಬೇಕು ಎಂದರೆ ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಬೇಕು. 100 ಕೆವಿಎ ಸೆಟ್ಟಿಗೆ 2 ಮೀಟರ್, 400 ಕೆವಿಎಗೆ 4 ಮೀಟರ್.

ಸೈಟು ಸಣ್ಣದು, ಇದ್ಯಾವುದೂ ತಟ್ಟುವುದಿಲ್ಲ ಎಂದುಕೊಳ್ಳುವವರಿಗೆ 2018ರ ಜನವರಿ 25ರ ಕೇಂದ್ರ ಅಧಿಸೂಚನೆ ಇದೆ. ಮರಳು, ಮಣ್ಣು, ಕಟ್ಟಡದ ಅವಶೇಷವನ್ನು ತೆರೆದಿಡುವಂತಿಲ್ಲ. ಕಲ್ಲು, ಟೈಲ್ಸನ್ನು ಬಯಲಲ್ಲಿ ಕೊಯ್ಯುವಂತಿಲ್ಲ. ನೀರು ಸಿಂಪಡಿಸುವ ಏರ್ಪಾಡು ಇರಬೇಕು. ಕೈಗೊಂಡ ಕ್ರಮಗಳನ್ನು ದಾರಿಹೋಕರಿಗೆ ಕಾಣುವಂತೆ ಬೋರ್ಡಿನಲ್ಲಿ ಬರೆಯಬೇಕು. ಗಾಳಿಯ ಮಾಲಿನ್ಯ ಮಿತಿ ಮೀರಿದ ನಗರಗಳಲ್ಲಿ ಇನ್ನೂ ಬಿಗಿ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ.

ಇಷ್ಟು ತಿಳಿದ ಮೇಲೂ ಹೆಚ್ಚಿನವರು ಎಡವುವುದು ಬೇರೆ ಕಡೆ. ಸುತ್ತ ತಗಡು ಕಟ್ಟಿದೆ, ಹಸಿರು ಬಲೆ ಬಿಟ್ಟಿದೆ, ಧೂಳು ಒಳಗೇ ಇರುತ್ತದೆ ಎಂಬ ನಂಬಿಕೆ ಅದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕಲ್ಲಿನ ಪುಡಿಯ 100 ಮೈಕ್ರಾನ್ ಕಣ, ಅಂದರೆ ಕಣ್ಣಿಗೆ ಕಾಣುವಷ್ಟು ದಪ್ಪದ್ದು, ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ವೇಗದಲ್ಲಿ ಕೆಳಗಿಳಿಯುತ್ತದೆ. ಮೂರು ಮೀಟರ್ ಎತ್ತರದಿಂದ ಬೀಳಲು ಆರು ಸೆಕೆಂಡು ಸಾಕು. ಮೆಲ್ಲಗೆ, ಸೆಕೆಂಡಿಗೆ 2 ಮೀಟರ್ ಗಾಳಿ ಬೀಸುತ್ತಿದ್ದರೆ ಹನ್ನೆರಡು ಮೀಟರ್ ದೂರದಲ್ಲಿ ಬಿದ್ದಿರುತ್ತದೆ. ತಗಡು ಇಂಥದ್ದನ್ನು ಚೆನ್ನಾಗಿ ತಡೆಯುತ್ತದೆ. ಅದೇ ಕಲ್ಲಿನ 10 ಮೈಕ್ರಾನ್ ಕಣಕ್ಕೆ ಮೂರು ಮೀಟರ್ ಇಳಿಯಲು ಆರು ನಿಮಿಷ ಬೇಕು. ಅಷ್ಟರಲ್ಲಿ ಅದು ಮುಕ್ಕಾಲು ಕಿಲೋಮೀಟರ್ ಆಚೆ ಹೋಗಿರುತ್ತದೆ. 2.5 ಮೈಕ್ರಾನಿನದು ಗಂಟೆಗೂ ಮೀರಿ ಗಾಳಿಯಲ್ಲೇ ತೇಲುತ್ತದೆ. ಪುಪ್ಪುಸದ ಆಳಕ್ಕೆ ಇಳಿಯುವುದು ಇವೇ ಸಣ್ಣವು, ಕಾನೂನು ಅಳೆಯುವುದೂ ಇವನ್ನೇ: ದಿನದ ಸರಾಸರಿಯಲ್ಲಿ ಘನಮೀಟರ್ ಗಾಳಿಗೆ ಪಿಎಂ10 ನೂರು ಮೈಕ್ರೋಗ್ರಾಂ, ಪಿಎಂ2.5 ಅರವತ್ತು ಮೈಕ್ರೋಗ್ರಾಂ ದಾಟಬಾರದು. ಗ್ರಾನೈಟ್ ಕೊಯ್ಯುವ ಹುಡುಗನ ಬ್ಲೇಡಿನ ಮೇಲೆ ನೀರಿನ ಎಳೆಯೊಂದು ಸುರಿಯುತ್ತಿರಬೇಕು ಎಂದು ಹಟ ಹಿಡಿಯುವುದು ಇದಕ್ಕೇ. ಕಣ ಎದ್ದಮೇಲೆ ಹಿಡಿಯುವುದು ಕಷ್ಟ. ದಪ್ಪ ಹನಿ ಬೀಳುವಾಗ ಅದರ ಸುತ್ತ ಸರಿಯುವ ಗಾಳಿ ಸಣ್ಣ ಕಣವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ, ಎರಡೂ ತಾಗುವುದೇ ಇಲ್ಲ.

ಇನ್ನು ನನಗೆ ಅತ್ಯಂತ ಮುಖ್ಯವೆನಿಸುವ ವಿಷಯ: ಟೈರು. ತಳಪಾಯದ ಮಣ್ಣು ತುಂಬಿದ ಟಿಪ್ಪರ್ ಗೇಟು ದಾಟುವಾಗ ನಿಂತು ನೋಡಿ. ಜೋಡಿ ಚಕ್ರಗಳ ನಡುವೆ ಒತ್ತಿಕೊಂಡ ಕೆಂಪು ಮಣ್ಣಿನ ಹೆಂಟೆಗಳು ಡಾಂಬರಿನ ಮೇಲೆ ಒಂದೊಂದಾಗಿ ಉದುರುತ್ತ ಹೋಗುತ್ತವೆ. ಮಧ್ಯಾಹ್ನದ ಬಿಸಿಲಿಗೆ ಒಣಗುತ್ತವೆ. ಆಮೇಲೆ ಬಿಎಂಟಿಸಿ ಬಸ್ಸು, ಆಟೊ, ಸ್ಕೂಟರು ಎಲ್ಲವೂ ಅದರ ಮೇಲೆ ಓಡುತ್ತವೆ. ರಸ್ತೆ ಬೀಸುವ ಕಲ್ಲಿನ ಕೆಳಹಾಸಾದರೆ ಟೈರು ಮೇಲ್ಗಲ್ಲು. ಸಂಜೆಗೆ ಹೆಂಟೆ ಹಿಟ್ಟಾಗಿರುತ್ತದೆ, ಹಿಟ್ಟು ಗಾಳಿಯಲ್ಲಿರುತ್ತದೆ. ಅಮೆರಿಕದ ಪರಿಸರ ಸಂಸ್ಥೆ ರಸ್ತೆಧೂಳಿಗೆ ಬಳಸುವ ಸೂತ್ರದಲ್ಲಿ ಮುಖ್ಯವಾದವು ಎರಡೇ ಅಂಶ: ಒಂದು ಚದರ ಮೀಟರ್ ರಸ್ತೆಯ ಮೇಲೆ 75 ಮೈಕ್ರಾನಿಗಿಂತ ಸಣ್ಣ ಪುಡಿ ಎಷ್ಟು ಗ್ರಾಂ ಇದೆ, ಓಡುವ ವಾಹನಗಳ ಸರಾಸರಿ ತೂಕ ಎಷ್ಟು. ಇವೆರಡರಲ್ಲಿ ಯಾವುದು ಇಮ್ಮಡಿಯಾದರೂ ಧೂಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹಾಗಾಗಿ ನಿಮ್ಮ ಸೈಟು ಬಿಟ್ಟ ಧೂಳನ್ನು ಎಬ್ಬಿಸುತ್ತಿರುವುದು ನಿಮಗೆ ಸಂಬಂಧವೇ ಇಲ್ಲದ ಸಾವಿರಾರು ಗಾಡಿಗಳು.

ಇಲ್ಲಿ ನೀರೇ ತಿರುಗಿಬೀಳುವುದೂ ಉಂಟು. ಟ್ಯಾಂಕರಿನಿಂದ ಒಳದಾರಿಗೆ ಧಾರಾಳವಾಗಿ ಸುರಿದರೆ ಮಣ್ಣು ಕೆಸರಾಗಿ ಟೈರಿಗೆ ಇನ್ನಷ್ಟು ಅಂಟುತ್ತದೆ. ಒಳಗಿನ ಧೂಳು ಅಡಗಿದಂತೆ ಕಂಡರೂ ಅದೇ ಮಣ್ಣು ಹೊರರಸ್ತೆ ಸೇರುತ್ತದೆ. ನೆಲ ತೇವವಾದರೆ ಸಾಕು, ನೆನೆಯಬಾರದು. ಗೇಟಿಗೆ ಮುಂಚೆ ದಪ್ಪ ಜಲ್ಲಿ ಹಾಸಿದ ದಾರಿ, ಅದರ ಕೊನೆಗೆ ಚಕ್ರ ತೊಳೆಯುವ ತೊಟ್ಟಿ, ಮಣ್ಣಿನ ಮೇಲೆ ಟಾರ್ಪಾಲು, ಇಷ್ಟನ್ನು ಬಿಲ್ಲಿನಲ್ಲಿ ಮೊದಲೇ ಸೇರಿಸಿ ಕರಾರು ಮಾಡಿಕೊಳ್ಳಿ. ತೊಳೆಯಲು ಎಸ್‌ಟಿಪಿಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರೇ ಸಾಕು. ಬೆಂಗಳೂರಿನಲ್ಲಂತೂ 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡದ ಕೆಲಸಕ್ಕೆ ಬಳಸದಂತೆ ನಿಷೇಧಿಸಿತ್ತು. ಒಣಪೊರಕೆಯಲ್ಲಿ ರಸ್ತೆ ಗುಡಿಸಲು ಹೇಳಬೇಡಿ. ಪೊರಕೆ ದಪ್ಪ ಮರಳನ್ನು ಬದಿಗೆ ತಳ್ಳಿ, ಸಣ್ಣದನ್ನು ಗುಡಿಸುವ ಹೆಂಗಸಿನ ಮುಖಕ್ಕೇ ಎಬ್ಬಿಸುತ್ತದೆ.

ಲಾಸ್ ಏಂಜಲೀಸ್ ಸೀಮೆಯ ಗಾಳಿ ಮಂಡಳಿಯ 403ನೇ ನಿಯಮದಲ್ಲಿ ಗೇಟಿನಾಚೆಯ ಮಣ್ಣಿನ ಗುರುತು ಒಟ್ಟು 25 ಅಡಿ ಮುಟ್ಟುವಂತಿಲ್ಲ, ದಿನದ ಕೆಲಸ ಮುಗಿಯುವಾಗ ಪೂರ್ತಿ ತೆಗೆದಿರಬೇಕು. ಟೇಪು ಹಿಡಿದ ಯಾರಾದರೂ ಪರೀಕ್ಷಿಸಬಹುದಾದ ನಿಯಮ ಅದು! ನಮ್ಮ 2018ರ ಅಧಿಸೂಚನೆ ಸೈಟಿನ ದಾರಿ ಟಾರಾಗಿರಬೇಕು ಎನ್ನುತ್ತದೆ, ಹೊರಗೆ ಬಿದ್ದ ಮಣ್ಣಿಗೆ ಇಂಥ ಅಳತೆ ಕೊಡುವುದಿಲ್ಲ. ಅಳತೆ ಬರಬೇಕಾದರೆ ನಮ್ಮ ರಸ್ತೆಗಳ ಅಂಕಿಗಳು ಬೇಕು. ಬಯಲುಸೀಮೆಯ ಕೆಮ್ಮಣ್ಣು, ಕಲಬುರಗಿಯ ಎರೆಮಣ್ಣು, ಎಂ-ಸ್ಯಾಂಡಿನ ಪುಡಿ ಟೈರಿಗೆ ಅಂಟುವ ಬಗೆಯೂ ಒಣಗಿ ಒಡೆಯುವ ಬಗೆಯೂ ಒಂದೇ ಅಲ್ಲ.

ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. 75 ಮೈಕ್ರಾನ್ ಜರಡಿ, ಓವನ್, ತಕ್ಕಡಿ ಪ್ರತಿ ಪಾಲಿಟೆಕ್ನಿಕ್ಕಿನ ಸಿವಿಲ್ ವಿಭಾಗದ ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಇರುವಂಥವೇ. ಸಂಚಾರ ಪೊಲೀಸರ ಅನುಮತಿ ಪಡೆದು, ಯಾವುದಾದರೂ ಸೈಟಿನ ಗೇಟಿನಿಂದ ಶುರುಮಾಡಿ ರಸ್ತೆಗೆ ಅಡ್ಡಲಾಗಿ ಒಂದು ಪಟ್ಟಿ ಗುರುತಿಸಿ, ವ್ಯಾಕ್ಯೂಮ್ ಕ್ಲೀನರಿನಲ್ಲಿ ಪುಡಿಯನ್ನು ಎಳೆದುಕೊಳ್ಳಿ, ಒಣಗಿಸಿ, ಜರಡಿ ಹಿಡಿದು ತೂಗಿ. ಐವತ್ತು ಮೀಟರ್ ಮುಂದೆ ಇನ್ನೊಂದು ಪಟ್ಟಿ, ನೂರು ಮೀಟರಿಗೆ ಮತ್ತೊಂದು. ಚಕ್ರ ತೊಳೆಯುವ ಸೈಟಿನದೊಂದು ಸಾಲು, ತೊಳೆಯದ ಸೈಟಿನದೊಂದು ಸಾಲು. ಡಿಪ್ಲೊಮಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಷ್ಟು ಸಾಕು. ಮಾಡುವವರು ಬೇಸಿಗೆಯಲ್ಲೊಮ್ಮೆ, ಮಳೆ ನಿಂತ ವಾರದಲ್ಲೊಮ್ಮೆ ಮಾಡಿ, ಅಂಕಿಗಳ ಒಂದು ಪ್ರತಿಯನ್ನು ನಿಮ್ಮ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಕೊಡಿ.