ಉಪ್ಪುನೀರಿನ ನಡುವೆ ಮೂರು ಸಿಹಿನೀರಿನ ಬಾವಿ

ಸಮುದ್ರ ನಮ್ಮಿಂದ ಬಹಳ ದೂರ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಕೊಲ್ಹಾಪುರದವರಿಗೂ ಇಚಲಕರಂಜಿಯವರಿಗೂ ಪಂಚಗಂಗೆಯೇ ನದಿ, ಗಡಹಿಂಗ್ಲಜದವರಿಗೆ ಹಿರಣ್ಯಕೇಶಿ. ಈ ನದಿಗಳೆಲ್ಲ ಪೂರ್ವಕ್ಕೆ ಹರಿಯುತ್ತವೆ. ಅವುಗಳ ನೀರು ಕೃಷ್ಣೆಯನ್ನು ಸೇರಿ ಎಲ್ಲೋ ದೂರದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆದರೆ ಹಿರಣ್ಯಕೇಶಿಯನ್ನು ಹಿಡಿದು ಹಿಂದಕ್ಕೆ ಹೊರಟು ನೋಡಿ. ಆಜರಾ ದಾಟಿ ಅಂಬೋಲಿಗೆ ಬಂದರೆ ಅಲ್ಲಿ ಆ ನದಿಯ ಉಗಮ. ಅಲ್ಲಿಂದ ಮುಂದೆ ಘಾಟು ಇಳಿದರೆ ಸಾವಂತವಾಡಿ, ಕುಡಾಳ, ಕೊನೆಗೆ ಅರಬ್ಬೀ ಸಮುದ್ರದ ದಡದ ಮಾಲವಣ. ಬೆಳಿಗ್ಗೆ ಹೊರಟವರು ಮಧ್ಯಾಹ್ನದೊಳಗೆ ತಲುಪುವಷ್ಟೇ ದೂರ. ಕೊಲ್ಹಾಪುರ ಮತ್ತು ಇಚಲಕರಂಜಿಯವರಿಗೆ ಗಗನಬಾವಡಾ ಅಥವಾ ಫೋಂಡಾ ಘಾಟಿನ ದಾರಿಯೂ ಇದೆ.

ಈ ಮಾಲವಣದ ಎದುರಿಗೆ, ದಡದಿಂದ ಸ್ವಲ್ಪವೇ ದೂರದಲ್ಲಿ, ಕುರ್ಟೆ ಎಂಬ ಚಿಕ್ಕ ದ್ವೀಪವಿದೆ. ಆ ಹೆಸರು ಹೇಳಿದರೆ ಹೆಚ್ಚಿನವರಿಗೆ ತಿಳಿಯದು. ಅದರ ಮೇಲಿರುವ ಸಿಂಧುದುರ್ಗ ಕೋಟೆಯನ್ನು ಮಾತ್ರ ಎಲ್ಲರೂ ಬಲ್ಲರು. ಶಾಲೆಯ ಸಹಲಿಗೆ ಹೋಗಿ ಬಂದ ಮಕ್ಕಳು ನಮ್ಮ ಕುಟುಂಬಗಳಲ್ಲೂ ಇದ್ದಾರೆ. ಅವರನ್ನು ಕೇಳಿದರೆ ದೋಣಿಯ ವಿಷಯ ಹೇಳುತ್ತಾರೆ, ಗೋಡೆಯ ವಿಷಯ ಹೇಳುತ್ತಾರೆ. ಬಾವಿಗಳ ವಿಷಯ ಹೇಳುವವರು ಕಡಿಮೆ. ಈ ಲೇಖನ ಆ ಬಾವಿಗಳ ಕುರಿತಾದದ್ದು.

ಕೋಟೆ ಹುಟ್ಟಿದ ಬಗೆ

ಹದಿನೇಳನೆಯ ಶತಮಾನದಲ್ಲಿ ಕೊಂಕಣದ ಸಮುದ್ರದ ಮೇಲೆ ಹಲವರ ಕಣ್ಣಿತ್ತು. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಎಲ್ಲರೂ ಇಲ್ಲಿದ್ದರು. ಉತ್ತರದಲ್ಲಿ ಜಂಜಿರಾ ಎಂಬ ದ್ವೀಪಕೋಟೆ ಸಿದ್ದಿಗಳ ಕೈಯಲ್ಲಿತ್ತು. ಶಿವಾಜಿ ಮಹಾರಾಜರು ಎಷ್ಟು ಪ್ರಯತ್ನಪಟ್ಟರೂ ಅದು ವಶವಾಗಲಿಲ್ಲ. ಸಮುದ್ರದ ನಡುವಿನ ಕೋಟೆಗೆ ಎಂತಹ ಶಕ್ತಿಯಿದೆ ಎಂಬುದನ್ನು ಜಂಜಿರಾ ಅವರಿಗೆ ತೋರಿಸಿಕೊಟ್ಟಿತು. ತಮಗೂ ಅಂತಹ ಒಂದು ಕೋಟೆ ಬೇಕೆಂದು ಅವರು ಕುರ್ಟೆ ದ್ವೀಪವನ್ನು ಆರಿಸಿಕೊಂಡರು.

1664ರ ನವೆಂಬರ್ 25ರಂದು ಕೆಲಸ ಆರಂಭವಾಯಿತು. ಹಿರೋಜಿ ಇಂದುಲ್ಕರ್ ಅವರ ಮೇಲ್ವಿಚಾರಣೆಯಲ್ಲಿ ಮೂರು ವರ್ಷ ನಡೆದು 1667ರಲ್ಲಿ ಮುಗಿಯಿತು. ಕೋಟೆಯ ವಿಸ್ತಾರ ಸುಮಾರು 48 ಎಕರೆ. ಸುತ್ತಲಿನ ಗೋಡೆಯ ಉದ್ದ ಸುಮಾರು 3 ಕಿಲೋಮೀಟರ್, ಎತ್ತರ ಸುಮಾರು 30 ಅಡಿ, ದಪ್ಪ ಸುಮಾರು 12 ಅಡಿ. ಅಡಿಪಾಯದ ಕಲ್ಲುಗಳು ಅಲೆಗೆ ಅಲುಗಾಡದಂತೆ ಸೀಸವನ್ನು ಕರಗಿಸಿ ಹೊಯ್ದರು. ಮುಖ್ಯ ಬಾಗಿಲನ್ನು ಗೋಡೆಯ ತಿರುವಿನಲ್ಲಿ ಎಷ್ಟು ಜಾಣತನದಿಂದ ಮರೆಮಾಡಿದ್ದಾರೆಂದರೆ, ಹೊಸಬರಿಗೆ ಹತ್ತಿರ ಬರುವವರೆಗೂ ಅದು ಕಾಣುವುದಿಲ್ಲ. ಸುತ್ತಲೂ ನೀರಿನೊಳಗೆ ಬಂಡೆಗಳು. ದಾರಿ ಬಲ್ಲ ಸ್ಥಳೀಯರ ದೋಣಿಗೆ ಮಾತ್ರ ಅವುಗಳ ನಡುವೆ ನುಸುಳುವುದು ಸುಲಭ.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಕುಡಿಯಲು ನೀರೇ ಇಲ್ಲದಿದ್ದರೆ ಗೋಡೆ ಎಷ್ಟು ಎತ್ತರವಿದ್ದು ಏನು ಪ್ರಯೋಜನ? ಶತ್ರು ದೂರದಲ್ಲಿ ಹಡಗು ನಿಲ್ಲಿಸಿ ಸುಮ್ಮನೆ ಕಾದರೆ ಸಾಕು, ಒಳಗಿದ್ದವರು ಬಾಯಾರಿ ತಾವೇ ಬಾಗಿಲು ತೆರೆಯುತ್ತಾರೆ. ಸಿಂಧುದುರ್ಗದ ನಿಜವಾದ ಬಲ ಅದರ ಮೂರು ಸಿಹಿನೀರಿನ ಬಾವಿಗಳು. ಅವುಗಳ ಹೆಸರು ಕೇಳಿ: ದೂಧ ಬಾವ್, ಸಾಖರ ಬಾವ್, ದಹೀ ಬಾವ್. ಹಾಲು, ಸಕ್ಕರೆ, ಮೊಸರು! ಸುತ್ತಲೂ ಉಪ್ಪು ನೀರನ್ನೇ ಕಂಡ ಜನ ಸಿಹಿನೀರಿಗೆ ಎಷ್ಟು ಬೆಲೆ ಕೊಟ್ಟರೆಂಬುದು ಈ ಹೆಸರುಗಳಲ್ಲೇ ತಿಳಿಯುತ್ತದೆ.

ಸಮುದ್ರದ ನಡುವೆ ಸಿಹಿನೀರು ಹೇಗೆ?

ಇದೊಂದು ಪವಾಡವೆಂದು ಹಲವರು ಹೇಳುವುದುಂಟು. ಆದರೆ ಪ್ರಕೃತಿಯಲ್ಲಿ ಇದಕ್ಕೊಂದು ಕ್ರಮವಿದೆ. ಸಾಮಾನ್ಯವಾಗಿ ಚಿಕ್ಕ ದ್ವೀಪಗಳಲ್ಲಿ ಮಳೆಯ ನೀರು ನೆಲದೊಳಗೆ ಇಳಿಯುತ್ತದೆ. ಕೆಳಗೆ ಸಮುದ್ರದ ಉಪ್ಪುನೀರು ಇರುತ್ತದೆ. ಉಪ್ಪುನೀರು ತುಸು ಭಾರ, ಸಿಹಿನೀರು ಹಗುರ. ಆದ್ದರಿಂದ ಹಾಲಿನ ಮೇಲೆ ಕೆನೆ ನಿಲ್ಲುವಂತೆ ಸಿಹಿನೀರು ಮೇಲೆ ನಿಲ್ಲುತ್ತದೆ. ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ, ಕೆಳಗೆ ಸುಮಾರು 40 ಅಡಿಯವರೆಗೂ ಸಿಹಿನೀರು ಇರಬಹುದೆಂದು ತಜ್ಞರು ಲೆಕ್ಕ ಹಾಕುತ್ತಾರೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಮಿತಿ ಮೀರಿ ನೀರೆತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಒಮ್ಮೆ ಬಾವಿ ಉಪ್ಪಾದರೆ ಮತ್ತೆ ಸಿಹಿಯಾಗಲು ಎಷ್ಟೋ ಮಳೆಗಾಲಗಳು ಬೇಕು. ಕೊಡದ ಲೆಕ್ಕದಲ್ಲಿ ಸೇದಿದವರಿಗೆ ಬಾವಿ ಬಾಳುತ್ತದೆ, ಆಸೆಬುರುಕರಿಗೆ ಬಾಳುವುದಿಲ್ಲ.

ಕೊಲ್ಹಾಪುರದ ಕೈಯಲ್ಲಿ

ಈ ದ್ವೀಪಕ್ಕೂ ನಮ್ಮ ಊರಿಗೂ ಹಳೆಯ ನಂಟಿದೆ. ಕೋಟೆಯೊಳಗಿನ ಶಿವರಾಜೇಶ್ವರ ದೇಗುಲ 1695ರಲ್ಲಿ, ರಾಜಾರಾಮ ಮಹಾರಾಜರ ಕಾಲದಲ್ಲಿ ಆದದ್ದು. ಅವರ ಪತ್ನಿ ತಾರಾಬಾಯಿಯವರೇ ಮುಂದೆ ಕೊಲ್ಹಾಪುರದ ಗಾದಿಯನ್ನು ಸ್ಥಾಪಿಸಿದರು. 1731ರ ವಾರಣಾ ಒಪ್ಪಂದದಿಂದ ಸಾತಾರಾ ಮತ್ತು ಕೊಲ್ಹಾಪುರ ಬೇರೆ ಬೇರೆ ರಾಜ್ಯಗಳೆಂದು ನಿಶ್ಚಯವಾಯಿತು. ಸಿಂಧುದುರ್ಗ ಕೊಲ್ಹಾಪುರದವರ ಕೈಯಲ್ಲಿತ್ತು.

1765ರಲ್ಲಿ ಮುಂಬಯಿಯ ಇಂಗ್ಲಿಷರು ಅದನ್ನು ಗೆದ್ದು 'ಫೋರ್ಟ್ ಅಗಸ್ಟಸ್' ಎಂದು ಹೆಸರಿಟ್ಟರು. ಮರುವರ್ಷವೇ ಹಣ ಪಡೆದು ಕೊಲ್ಹಾಪುರಕ್ಕೆ ಹಿಂತಿರುಗಿಸಿದರು. ಕೊನೆಗೆ 1812ರ ಒಪ್ಪಂದದಲ್ಲಿ ಕೊಲ್ಹಾಪುರದ ಅರಸರು ಮಾಲವಣ ಮತ್ತು ಸಿಂಧುದುರ್ಗವನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟರು. ಅಂದಿನಿಂದ ಸಮುದ್ರದ ಕಡೆಗಿದ್ದ ನಮ್ಮ ಬಾಗಿಲು ಮುಚ್ಚಿತು. ಬ್ರಿಟಿಷರು ಇಟ್ಟ ಹೆಸರು ಇಂದು ಯಾರಿಗೂ ನೆನಪಿಲ್ಲ. ಬಾವಿಗಳ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಇಂದಿಗೂ ಕೆಲವು ಹಿಂದೂ ಮತ್ತು ಮುಸ್ಲಿಂ ಕುಟುಂಬಗಳು ಕೋಟೆಯೊಳಗೆ ಮನೆ ಉಳಿಸಿಕೊಂಡಿವೆ. ಕೋಟೆಯ ಸೇವೆಗಾಗಿ ಬಂದವರ ವಂಶದವರು ಅವರು. ಮಳೆಗಾಲದಲ್ಲಿ ಸಮುದ್ರ ಕೆರಳಿದಾಗ ಪ್ರವಾಸಿಗರ ದೋಣಿಗಳು ನಿಲ್ಲುತ್ತವೆ, ಅವರಲ್ಲಿ ಹಲವರು ದಡದ ಊರಿಗೆ ಬಂದಿರುತ್ತಾರೆ. ಮಳೆ ನಿಂತ ಮೇಲೆ ಮತ್ತೆ ತಮ್ಮ ಬಾವಿಗಳ ಬಳಿಗೆ ಮರಳುತ್ತಾರೆ. ನಾವು ಪ್ರವಾಸಿ ತಾಣ ಎನ್ನುವ ಜಾಗ ಅವರಿಗೆ ಮನೆಯಂಗಳ.

ಫ್ರಾನ್ಸಿನ ಒಂದು ದ್ವೀಪ

ಸಮುದ್ರದ ನಡುವೆ ಮನೆ ಮಾಡಿದ ಜನ ಬೇರೆ ದೇಶಗಳಲ್ಲೂ ಇದ್ದಾರೆ. ಮಹಾದೂತ ಸಂತ ಮಿಕಾಯೇಲರ ಹೆಸರಿನ ಮೋಂ ಸೇಂ ಮಿಶೆಲ್ ಎಂಬ ಪುಟ್ಟ ದ್ವೀಪ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿದೆ. ಪರಂಪರೆಯ ಪ್ರಕಾರ 708ರಲ್ಲಿ ಅಲ್ಲಿ ಪ್ರಾರ್ಥನಾಲಯವಾಯಿತು, ಮುಂದೆ ದೊಡ್ಡ ಸನ್ಯಾಸಿ ಮಠವೂ ಬೆಳೆಯಿತು. ಇಂಗ್ಲಿಷರು ದೀರ್ಘಕಾಲ ಮುತ್ತಿಗೆ ಹಾಕಿದರೂ ಅದನ್ನು ಗೆಲ್ಲಲಾಗಲಿಲ್ಲ. ಅಲ್ಲಿಯವರು ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು ಬಾಳಿದರು.

ಶತ್ರುಗಳಿಂದ ಆಗದ ಕೇಡು ಆ ದ್ವೀಪಕ್ಕೆ ಅನುಕೂಲದಿಂದ ಆಯಿತು. ಜನರು ಸುಲಭವಾಗಿ ಬರಲೆಂದು 1879ರಲ್ಲಿ ಸಮುದ್ರಕ್ಕೆ ಅಡ್ಡಲಾಗಿ ಏರಿ ಕಟ್ಟಿ ರಸ್ತೆ ಮಾಡಿದರು. ನೀರಿನ ಹರಿವು ತಡೆದು ಸುತ್ತಲೂ ಹೂಳು ತುಂಬುತ್ತಾ ಬಂತು. ದ್ವೀಪ ದ್ವೀಪವಾಗಿಯೇ ಉಳಿಯದು ಎನ್ನುವ ಸ್ಥಿತಿ ಬಂದಾಗ ಫ್ರಾನ್ಸ್ ಸರ್ಕಾರ ಎಚ್ಚೆತ್ತಿತು. 2014ರಲ್ಲಿ ಕಂಬಗಳ ಮೇಲಿನ ಸೇತುವೆ ತೆರೆದರು, ಹಳೆಯ ಏರಿಯನ್ನು ತೆಗೆದರು. ಈಗ ನೀರು ಮತ್ತೆ ಸುತ್ತಲೂ ಆಡುತ್ತದೆ.

ನಮ್ಮ ಸಿಂಧುದುರ್ಗಕ್ಕೂ ಈಗ ಅಂತಹ ಪರೀಕ್ಷೆಯ ಕಾಲ. 2025ರ ಜುಲೈಯಲ್ಲಿ ಯುನೆಸ್ಕೋ 12 ಮರಾಠಾ ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಪನ್ಹಾಳವೂ ಸಿಂಧುದುರ್ಗವೂ ಅದರಲ್ಲಿವೆ. ಸುತ್ತಲಿನ ಸಮುದ್ರದ ಒಂದು ಭಾಗ 1987ರಿಂದಲೇ ರಕ್ಷಿತ ಸಾಗರಧಾಮ, ಅಲ್ಲಿ ಹವಳದ ಜೀವಿಗಳಿವೆ. ಹೆಸರು ದೊಡ್ಡದಾದಂತೆ ಜನವೂ ಹೆಚ್ಚುತ್ತಾರೆ, ಬಾಟಲಿ ಮತ್ತು ಪ್ಲಾಸ್ಟಿಕ್ ಚೀಲಗಳೂ ಹೆಚ್ಚುತ್ತವೆ.

ನಮ್ಮ ನೀರು

ಈಗ ನಮ್ಮ ಊರಿನ ಕಡೆಗೆ ನೋಡೋಣ. ನಾವು ನದಿಯ ದಡದಲ್ಲಿಯೇ ಇದ್ದೇವೆ. ಆದರೂ ಪಂಚಗಂಗೆಗೆ ಚರಂಡಿಯ ನೀರು, ಕಾರ್ಖಾನೆಗಳ ನೀರು ಸೇರಿ ಅದು ಕುಡಿಯಲು ಹೆದರುವಂತಾಯಿತು. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಮನೆಮನೆಯಲ್ಲಿ ಕಣ್ಣೀರು ಬಂದುದನ್ನು ಹಿರಿಯರು ಮರೆತಿಲ್ಲ. ದೂಧಗಂಗೆಯಿಂದ ಊರಿಗೆ ನೀರು ತರುವ ಯೋಜನೆಯಾದಾಗ ಆ ನದಿಯ ದಡದ ಹಳ್ಳಿಗಳವರು ವಿರೋಧಿಸಿದರು. ಅವರ ಭಯವೂ ಸುಳ್ಳಲ್ಲ, ನಮ್ಮ ಬಾಯಾರಿಕೆಯೂ ಸುಳ್ಳಲ್ಲ. ತನ್ನ ನದಿಯನ್ನು ಕೆಡಿಸಿಕೊಂಡ ಊರು ಪಕ್ಕದವರ ನದಿಯ ಮುಂದೆ ಕೊಡ ಹಿಡಿದು ನಿಲ್ಲಬೇಕಾಗುತ್ತದೆ.

ಸಮುದ್ರದ ನಡುವಿನ ಜನ ಮೂರು ಬಾವಿಗಳನ್ನು ಮುನ್ನೂರೈವತ್ತು ವರ್ಷ ಸಿಹಿಯಾಗಿ ಕಾಪಾಡಿಕೊಂಡರು. ಅವರಿಗೆ ಬೇರೆ ನೀರಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ನಮಗೂ ಬೇರೆ ನೀರಿಲ್ಲ, ಆದರೆ ಅದು ನಮಗಿನ್ನೂ ಮನವರಿಕೆಯಾಗಿಲ್ಲ.

ಈ ಸಲ ದೀಪಾವಳಿ ಅಥವಾ ಕ್ರಿಸ್ಮಸ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮಾಲವಣಕ್ಕೆ ಹೋಗುವವರು ದೂಧ ಬಾವಿಯ ಬಳಿ ಐದು ನಿಮಿಷ ನಿಲ್ಲಿರಿ. ನೀರು ಅಲ್ಲಿ ಹೇಗೆ ನಿಂತಿದೆಯೆಂದು ಮಕ್ಕಳಿಗೆ ತಿಳಿಸಿ ಹೇಳಿರಿ. ತೆಗೆದುಕೊಂಡು ಹೋದ ಬಾಟಲಿಗಳನ್ನು ಹಿಂದಕ್ಕೆ ತನ್ನಿರಿ. ಮರಳಿ ಬಂದ ಮೇಲೆ ಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಅಂದೇ ಸರಿಮಾಡಿಸಿರಿ. ಹಬ್ಬದ ಹೂವು, ಹಳೆಯ ಬಟ್ಟೆ, ಪ್ಲಾಸ್ಟಿಕ್ ಯಾವುದನ್ನೂ ನದಿಗೆ ಹಾಕಬೇಡಿರಿ, ಹಾಕುವವರಿಗೆ ಪ್ರೀತಿಯಿಂದ ಬೇಡವೆನ್ನಿರಿ.