ನಾಲ್ಕು ಸಲ ಗೆದ್ದ ಹೆಂಗಸರ ತಂಡ



ಆಟ ಅಂದ ಕೂಡಲೇ ನಮಗೆ ಏನು ನೆನಪಾಗುತ್ತೆ? ಕುಂಟೆಬಿಲ್ಲೆ, ಚೌಕಾಬಾರ, ಅಳಗುಳಿ ಮಣೆ. ಅದೆಲ್ಲ ಮದುವೆಗೆ ಮುಂಚಿನ ಮಾತು. ಮದುವೆ ಆಯ್ತು, ಮಕ್ಕಳಾದವು, ಆಟ ಮುಗೀತು.

ಆದರೆ ಆಟವನ್ನೇ ಕಸುಬು ಮಾಡಿಕೊಂಡ ಹೆಂಗಸರೂ ಇದ್ದಾರೆ. ಆಡಿದ್ದಕ್ಕೆ ಅವರಿಗೆ ಸಂಬಳ ಬರುತ್ತೆ. ಅಂಥ ಒಂದು ತಂಡದ ಕಥೆ ಇದು. ತಂಡದ ಹೆಸರು ಹ್ಯೂಸ್ಟನ್ ಕಾಮೆಟ್ಸ್. ಹ್ಯೂಸ್ಟನ್ ಅನ್ನೋದು ಅಮೆರಿಕ ದೇಶದ ಒಂದು ದೊಡ್ಡ ಊರು. ಕಾಮೆಟ್ ಅಂದರೆ ಬಾಲಚುಕ್ಕಿ. ಈ ತಂಡ ಆಡಿದ ಆಟ ಬ್ಯಾಸ್ಕೆಟ್‌ಬಾಲ್.

ಬುಟ್ಟಿಯ ಆಟ

ಬ್ಯಾಸ್ಕೆಟ್ ಅಂದರೆ ಬುಟ್ಟಿ. ಬಾಲ್ ಅಂದರೆ ಚೆಂಡು. 1891ರಲ್ಲಿ ಅಮೆರಿಕದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಈ ಆಟ ಶುರು ಮಾಡಿದರು. ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿದರು. ಚೆಂಡನ್ನು ಅದರೊಳಗೆ ಹಾಕಿ ಅಂದರು. ಈಗ ಬುಟ್ಟಿ ಇಲ್ಲ. ಕಬ್ಬಿಣದ ಬಳೆ, ಅದಕ್ಕೆ ಬಲೆ.

ಬಳೆ ನೆಲದಿಂದ 10 ಅಡಿ ಎತ್ತರದಲ್ಲಿ ಇರುತ್ತೆ. ಒಂದೊಂದು ಕಡೆ 5 ಜನ ಆಡ್ತಾರೆ. ಚೆಂಡನ್ನು ಹಿಡಿದುಕೊಂಡು ಓಡುವ ಹಾಗಿಲ್ಲ. ನೆಲಕ್ಕೆ ಬಡಿಯುತ್ತಾ ಓಡಬೇಕು. ಇಲ್ಲವೇ ಜೊತೆಯವರಿಗೆ ಎಸೆಯಬೇಕು. ಚೆಂಡು ಬಳೆಯೊಳಗೆ ಬಿದ್ದರೆ 2 ಅಂಕ. ಬಹಳ ದೂರದಿಂದ ಹಾಕಿದರೆ 3 ಅಂಕ.

ಆಟ ಇತ್ತು, ಕೆಲಸ ಇರಲಿಲ್ಲ

ಅಮೆರಿಕದ ಹೆಣ್ಣುಮಕ್ಕಳು ಈ ಆಟವನ್ನು ಮೊದಲಿನಿಂದಲೂ ಆಡುತ್ತಿದ್ದರು. ಶಾಲೆಯಲ್ಲಿ ಆಡಿದರು, ಕಾಲೇಜಿನಲ್ಲಿ ಆಡಿದರು. ಆಮೇಲೆ? ಗಂಡಸರಿಗೆ ಸಂಬಳ ಕೊಡುವ ತಂಡಗಳು ಇದ್ದವು. ಹೆಂಗಸರಿಗೂ ಅಂಥ ತಂಡ ಕಟ್ಟುವ ಪ್ರಯತ್ನ ಹಿಂದೆ ನಡೆದಿತ್ತು. ಅದು ಬೇಗ ನಿಂತುಹೋಯಿತು. ಆಡಿ ಬದುಕಬೇಕು ಅಂದರೆ ಹೆಂಗಸರು ಬೇರೆ ದೇಶಕ್ಕೆ ಹೋಗಬೇಕಿತ್ತು.

ಸಿಂಥಿಯಾ ಕೂಪರ್ ಹಾಗೆ ಹೋದವರು. ಎಂಟು ಮಕ್ಕಳನ್ನು ತಾಯಿ ಒಬ್ಬರೇ ಸಾಕಿದ ಬಡ ಮನೆ ಅವರದು. ಕಾಲೇಜು ಮುಗಿದ ಮೇಲೆ ಅವರು ಸ್ಪೇನ್ ಮತ್ತು ಇಟಲಿ ದೇಶಗಳಲ್ಲಿ ಸುಮಾರು ಹತ್ತು ವರ್ಷ ಆಡಿದರು. ತಮ್ಮ ದೇಶದ ಜನಕ್ಕೇ ಅವರ ಆಟ ಕಾಣಲಿಲ್ಲ.

1997ರಲ್ಲಿ ಅಮೆರಿಕದಲ್ಲಿ ಡಬ್ಲ್ಯುಎನ್‌ಬಿಎ ಎಂಬ ಹೆಂಗಸರ ಪಂದ್ಯಾವಳಿ ಶುರುವಾಯಿತು. ಮೊದಲ ವರ್ಷ 8 ತಂಡಗಳು. ಅದರಲ್ಲಿ ಹ್ಯೂಸ್ಟನ್ ಒಂದು. ಆಗ ಕೂಪರ್ ಅವರಿಗೆ 34 ವರ್ಷ. ಆ ವಯಸ್ಸಿಗೆ ಎಷ್ಟೋ ಆಟಗಾರರು ಆಟ ಬಿಡ್ತಾರೆ. ಕೂಪರ್ ಆ ವಯಸ್ಸಿನಲ್ಲಿ ತಮ್ಮ ದೇಶಕ್ಕೆ ಬಂದು ಆಡಿದರು. ವರ್ಷದ ಶ್ರೇಷ್ಠ ಆಟಗಾರ್ತಿ ಅಂತ ಅನಿಸಿಕೊಂಡರು!

ಮೊದಲ ಗೆಲುವು: 1997

ತಂಡದಲ್ಲಿ ಶೆರಿಲ್ ಸ್ವೂಪ್ಸ್ ಎಂಬ ಹೆಸರಾಂತ ಆಟಗಾರ್ತಿ ಇದ್ದರು. ಪಂದ್ಯ ಶುರುವಾದಾಗ ಅವರು ತುಂಬು ಗರ್ಭಿಣಿ. ಜೂನ್ 25ರಂದು ಗಂಡುಮಗು ಹುಟ್ಟಿತು. ಆರು ವಾರ ಕಳೆದ ಮೇಲೆ ಅವರು ಮತ್ತೆ ಅಂಗಳಕ್ಕೆ ಇಳಿದರು.

ಎಲ್ಲರೂ ಹಾಗೇ ಮಾಡಬೇಕು ಅಂತ ಅಲ್ಲ. ಬಾಣಂತಿಗೆ ವಿಶ್ರಾಂತಿ ಬೇಕೇ ಬೇಕು. ಹೆರಿಗೆ ಆಯಿತು ಅಂತ ಹೆಂಗಸಿನ ಕೆಲಸ ಹೋಗಬಾರದು, ಅದು ಮುಖ್ಯ. ಸ್ವೂಪ್ಸ್ ಅವರ ಜಾಗ ಹೋಗಲಿಲ್ಲ. ಮುಂದೆ 2000, 2002 ಮತ್ತು 2005ರಲ್ಲಿ ಅವರೇ ವರ್ಷದ ಶ್ರೇಷ್ಠ ಆಟಗಾರ್ತಿ ಆದರು.

ಆಗಸ್ಟ್ 30ರಂದು ಕೊನೆಯ ಪಂದ್ಯ ನಡೆಯಿತು. ಎದುರಿಗೆ ನ್ಯೂಯಾರ್ಕ್ ತಂಡ. ಹ್ಯೂಸ್ಟನ್‌ಗೆ 65 ಅಂಕ, ನ್ಯೂಯಾರ್ಕ್‌ಗೆ 51. ಹ್ಯೂಸ್ಟನ್ ಚಾಂಪಿಯನ್ ಆಯಿತು.

ಎರಡನೆಯ ಗೆಲುವು: 1998

ಈ ವರ್ಷ ತಂಡ ಮೊದಲ ಸುತ್ತಿನಲ್ಲಿ 30 ಪಂದ್ಯ ಆಡಿತು. 27 ಗೆದ್ದಿತು. ಸೋತದ್ದು ಮೂರೇ ಮೂರು.

ಕೊನೆಯ ಸುತ್ತಿನಲ್ಲಿ ಎದುರಾದದ್ದು ಫೀನಿಕ್ಸ್ ತಂಡ. ಮೂರರಲ್ಲಿ ಎರಡು ಪಂದ್ಯ ಗೆದ್ದವರಿಗೆ ಕಪ್. ಹ್ಯೂಸ್ಟನ್ ಮೊದಲ ಪಂದ್ಯ ಸೋತಿತು. ಎರಡನೆಯದೂ ಸೋತರೆ ಎಲ್ಲ ಮುಗೀತು. ಹೊತ್ತು ಮುಗಿದಾಗ ಎರಡು ತಂಡಗಳ ಅಂಕ ಸಮ ಸಮ. ಹೆಚ್ಚಿನ ಹೊತ್ತು ಆಡಿಸಿದರು. ಹ್ಯೂಸ್ಟನ್ ಗೆದ್ದಿತು. ಮೂರನೆಯ ಪಂದ್ಯವನ್ನೂ ಗೆದ್ದಿತು.

ಮೂರನೆಯ ಗೆಲುವು: 1999

ಇದು ದುಃಖದ ವರ್ಷ. ಫೆಬ್ರವರಿಯಲ್ಲಿ ಕೂಪರ್ ಅವರ ತಾಯಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ತಿಂಗಳು ತಂಡದ ಕಿಮ್ ಪೆರಾಟ್ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಂತ ಗೊತ್ತಾಯಿತು.

ಕಿಮ್ ಪೆರಾಟ್ ತಂಡದಲ್ಲೇ ಕುಳ್ಳಗಿನವರು. ಐದೂವರೆ ಅಡಿಯೂ ಇರಲಿಲ್ಲ. ಆದರೂ ಎದುರಿನವರಿಂದ ಚೆಂಡು ಕಸಿಯೋದರಲ್ಲಿ ಬಲು ಚುರುಕು. ಆಗಸ್ಟ್ 19ರಂದು ಅವರು ತೀರಿಕೊಂಡರು. ವಯಸ್ಸು ಬರೀ 32.

ತಂಡ ಅಳುತ್ತಲೇ ಆಡಿತು. ಕೊನೆಯ ಸುತ್ತಿನಲ್ಲಿ ಮತ್ತೆ ನ್ಯೂಯಾರ್ಕ್. ಮೊದಲ ಪಂದ್ಯ ಹ್ಯೂಸ್ಟನ್‌ಗೆ. ಎರಡನೆಯದೂ ಗೆದ್ದೇ ಬಿಟ್ಟಂತೆ ಇತ್ತು. ಉಳಿದದ್ದು ಎರಡೇ ಎರಡು ಸೆಕೆಂಡು. ಅಷ್ಟರಲ್ಲಿ ನ್ಯೂಯಾರ್ಕ್‌ನ ತೆರೇಸಾ ವೆದರ್‌ಸ್ಪೂನ್ ಅರ್ಧ ಅಂಗಳದ ಆಚೆಯಿಂದ ಚೆಂಡು ಬೀಸಿದರು. ಚೆಂಡು ಬಳೆಯೊಳಗೆ ಬಿತ್ತು! ಒಂದು ಅಂಕದಿಂದ ನ್ಯೂಯಾರ್ಕ್ ಗೆದ್ದಿತು. ಗೆಲುವಿಗೆ ಅಂತ ಇಟ್ಟ ಬಣ್ಣದ ಕಾಗದ ಆಗಲೇ ಮೇಲಿಂದ ಉದುರತೊಡಗಿತ್ತು.

ಮಾರನೆಯ ದಿನವೇ ಮೂರನೆಯ ಪಂದ್ಯ. ಹ್ಯೂಸ್ಟನ್ ಗೆದ್ದಿತು. ಪೆರಾಟ್ ಹೋಗಿ ಮೂರು ವಾರವೂ ಆಗಿರಲಿಲ್ಲ. ಅವರ ಅಂಗಿಯ ಮೇಲಿದ್ದ 10ನೇ ನಂಬರನ್ನು ತಂಡ ಮತ್ತೆ ಯಾರಿಗೂ ಕೊಡಲಿಲ್ಲ.

ನಾಲ್ಕನೆಯ ಗೆಲುವು: 2000

ಮತ್ತೆ ನ್ಯೂಯಾರ್ಕ್ ಎದುರು. ಎರಡಕ್ಕೆ ಎರಡೂ ಪಂದ್ಯ ಹ್ಯೂಸ್ಟನ್ ಪಾಲಾಯಿತು. ನಾಲ್ಕು ವರ್ಷವೂ ಕೊನೆಯ ಸುತ್ತಿನ ಶ್ರೇಷ್ಠ ಆಟಗಾರ್ತಿ ಸಿಂಥಿಯಾ ಕೂಪರ್. ಆ ವರ್ಷ ಅವರು ಆಟಕ್ಕೆ ವಿದಾಯ ಹೇಳಿದರು. ಮುಂದೆ 2003ರಲ್ಲಿ ಬಂದು ನಾಲ್ಕು ಪಂದ್ಯ ಮಾತ್ರ ಆಡಿದರು.

ಸ್ವೂಪ್ಸ್ ಇದ್ದರು. ಟೀನಾ ಥಾಂಪ್ಸನ್ ಇದ್ದರು. ಗುರು ವ್ಯಾನ್ ಚಾನ್ಸೆಲರ್ ಇದ್ದರು. ಆದರೂ ತಂಡಕ್ಕೆ ಐದನೆಯ ಕಪ್ ಸಿಗಲಿಲ್ಲ.

ಗೆದ್ದ ತಂಡ ಮುಚ್ಚಿತು

ಈಗ ಒಂದು ಕಹಿ ಮಾತು. 2008ರ ಡಿಸೆಂಬರ್‌ನಲ್ಲಿ ಹ್ಯೂಸ್ಟನ್ ಕಾಮೆಟ್ಸ್ ತಂಡವನ್ನು ಮುಚ್ಚಿದರು.

ಯಾಕೆ? ತಂಡಕ್ಕೆ ಒಬ್ಬ ಮಾಲೀಕ ಬೇಕು. ಸಂಬಳ, ಪ್ರಯಾಣ, ಆಟದ ಅಂಗಳದ ಬಾಡಿಗೆ ಎಲ್ಲಕ್ಕೂ ದುಡ್ಡು ಬೇಕು. ಮೊದಲ ಮಾಲೀಕರು 2007ರಲ್ಲಿ ತಂಡವನ್ನು ಮಾರಿದರು. ಕೊಂಡವರೂ ಮರುವರ್ಷವೇ ಮಾರಲು ಹೊರಟರು. ಕೊಳ್ಳುವವರು ಸಿಗಲಿಲ್ಲ. ನಾಲ್ಕು ಕಪ್ ಇದ್ದರೂ ತಂಡ ಉಳಿಯಲಿಲ್ಲ.

ಇನ್ನೊಂದು ಕಡೆ ನೋಡಿ. ಹ್ಯೂಸ್ಟನ್ ಎದುರು ಮೂರು ಸಲ ಸೋತ ನ್ಯೂಯಾರ್ಕ್ ತಂಡವೂ ಒಮ್ಮೆ ಮಾರಾಟಕ್ಕೆ ಬಂದಿತ್ತು. ಅದಕ್ಕೆ 2019ರಲ್ಲಿ ಹೊಸ ಮಾಲೀಕರು ಸಿಕ್ಕರು. ದುಡ್ಡು ಹಾಕಿದರು. ತಂಡ ಉಳಿಯಿತು. 2024ರಲ್ಲಿ ಅದು ತನ್ನ ಮೊದಲ ಕಪ್ ಗೆದ್ದಿತು. 27 ವರ್ಷ ಕಾದು ಗೆದ್ದಿತು!

ಅಂದರೆ ಜಾಣ್ಮೆ ಒಂದೇ ಸಾಲದು. ಅದಕ್ಕೆ ಆಸರೆಯೂ ಬೇಕು. ಕೂಪರ್ ಅವರ ಕೈಯಲ್ಲಿ ಆಟ ಮೊದಲೇ ಇತ್ತು. ಆಡುವ ಜಾಗ ಸಿಕ್ಕಾಗ ಜನಕ್ಕೆ ಕಂಡಿತು.

ಆಟಗಾರ್ತಿಯರಿಗೂ ಇದು ಗೊತ್ತಿತ್ತು. ಅದಕ್ಕೇ ಅವರು 1998ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಸಂಘದ ಮೂಲಕ ಸಂಬಳದ ಮಾತು ಆಡಿದರು. 2020ರ ಒಪ್ಪಂದದಲ್ಲಿ ಹೆರಿಗೆ ರಜೆಗೆ ಪೂರ್ತಿ ಸಂಬಳ ಅಂತ ಬರೆಸಿದರು. ಸ್ವೂಪ್ಸ್ ಅವರ ಮಗ ಹುಟ್ಟಿ ಆಗ 23ನೇ ವರ್ಷ ನಡೆಯುತ್ತಿತ್ತು.

ಓದಿದಿರಾ? ಈಗ ಮಾತಾಡಿ.

1. ನಿಮ್ಮ ಊರಿನಲ್ಲಿ ಹೆಣ್ಣುಮಕ್ಕಳು ಯಾವ ಆಟ ಆಡ್ತಾರೆ? ಎಷ್ಟನೇ ವಯಸ್ಸಿಗೆ ಬಿಡ್ತಾರೆ? ಯಾಕೆ?

2. ನಿಮಗೆ ಚೆನ್ನಾಗಿ ಬರುವ ಕೆಲಸ ಯಾವುದು? ಅದಕ್ಕೆ ಕೂಲಿ ಸಿಗುತ್ತಾ?

3. ಒಬ್ಬರೇ ಕೇಳಿದರೆ ಸಿಗದ್ದು ಸಂಘದಿಂದ ಸಿಕ್ಕಿದ್ದು ಇದೆಯಾ? ಎರಡು ಸಾಲು ಬರೆಯಿರಿ.